ಮಗಳ ವಿಡಿಯೊ ಯಾರ್ಯಾರೋ ನೋಡಿದ್ದಾರೆ, ಆ್ಯಪ್‌ನವರ ಮೇಲೆ ದೂರು ಎಲ್ಲಿ ಕೊಡಬೇಕು?

ಪುಟ್ಟಿಯ ಅಮ್ಮ, ತುಮಕೂರು:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ನಿದ್ದೆ ಬಂದಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಹೋದ ಬೇಸಿಗೆ ರಜೆಯಲ್ಲಿ ಕಥೆ, ಹಾಡು, ಕ್ರಾಫ್ಟ್ ಎಲ್ಲ ಇರುವ ಒಂದು ವಿಡಿಯೊ ಆ್ಯಪ್ ಹಾಕಿಕೊಟ್ಟಿದ್ದೆ. ಹೆಸರು ಇಲ್ಲಿ ಬರೆಯುವುದಿಲ್ಲ. ಮಕ್ಕಳಿಗೆ ಅಂತಲೇ ಮಾಡಿದ್ದು ಎಂದು ದೊಡ್ಡದಾಗಿ ಬರೆದಿತ್ತು. ತಿಂಗಳಿಗೆ 99 ರೂಪಾಯಿ, ಯುಪಿಐನಲ್ಲಿ ತಾನಾಗೇ ಕಟ್ ಆಗುತ್ತದೆ. ಶುರುವಿನಲ್ಲೇ ಮಗುವಿನ ಹೆಸರು, ಹುಟ್ಟಿದ ದಿನ, ಕ್ಲಾಸು, ಊರು, ನನ್ನ ಫೋನ್ ನಂಬರ್ ಕೇಳಿತು. ಬೆಳಗ್ಗೆ ತಿಂಡಿಯ ಹೊತ್ತು, ಒಲೆ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು, ಇವಳು ಪಕ್ಕದಲ್ಲಿ ನಿಂತು "ಅಮ್ಮಾ ಬೇಗ" ಅನ್ನುತ್ತಿದ್ದಳು, ಓದದೆ ಎಲ್ಲದಕ್ಕೂ ಒಪ್ಪಿಗೆ ಒತ್ತಿದೆ. ಕ್ಯಾಮೆರಾ, ಮೈಕ್, ಲೊಕೇಶನ್, ಎಲ್ಲಕ್ಕೂ.

ಆ ಆ್ಯಪ್‌ನಲ್ಲಿ "ಪೋಷಕರಿಗೆ ಮಾತ್ರ" ಅಂತ ಒಂದು ಬಾಗಿಲು ಇದೆ. ಅದು ತೆರೆಯಬೇಕಾದರೆ 7×4 ಎಷ್ಟು ಅಂತ ಕೇಳುತ್ತದೆ. ನನ್ನ ಮಗಳು ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಮುಂದೆ ಕೂತು ಮಗ್ಗಿ ಒಪ್ಪಿಸುವವಳು. ಏಳ್ನಾಲ್ಕ್ಲ ಇಪ್ಪತ್ತೆಂಟು ಅನ್ನಲು ಅವಳಿಗೆ ಎರಡು ಸೆಕೆಂಡ್ ಬೇಡ. ಹಾಗೆ ಒಳಗೆ ಹೋಗಿ ತನ್ನ ವಿಡಿಯೊ ತಾನೇ ಹಾಕಿದ್ದಾಳೆ. ಒಟ್ಟು 14. ಒಂದರಲ್ಲಿ ಯೂನಿಫಾರ್ಮ್ ಹಾಕಿಕೊಂಡಿದ್ದಾಳೆ, ಬೆಲ್ಟ್ ಮೇಲೆ ಸ್ಕೂಲ್ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದರಲ್ಲಿ ನಮ್ಮ ಗೇಟು, ಗೇಟಿನ ಮೇಲೆ ಮನೆ ನಂಬರ್. ನಾನು ಇದೆಲ್ಲ ಅವಳ ಫೋನಿನೊಳಗೇ ಇರುತ್ತದೆ ಅಂದುಕೊಂಡಿದ್ದೆ. ಮೊನ್ನೆ ನೋಡಿದರೆ ಪ್ರೊಫೈಲ್ ಎಲ್ಲರಿಗೂ ಕಾಣುತ್ತಿದೆ. ಒಬ್ಬ ಕಾಮೆಂಟ್ ಹಾಕಿದ್ದಾನೆ, "ಯಾವ ಸ್ಕೂಲ್ ಪುಟ್ಟಾ?" ಅಂತ. ಇವಳು ಪಾಪ, ದೊಡ್ಡವರು ಕೇಳಿದರೆ ಉತ್ತರ ಕೊಡಬೇಕು ಅಂತ ನಾವೇ ಕಲಿಸಿದ್ದು, ಸ್ಕೂಲ್ ಹೆಸರು, ಸೆಕ್ಷನ್ ಸಮೇತ ಬರೆದುಬಿಟ್ಟಿದ್ದಾಳೆ.

ಇನ್ನೊಂದು ವಿಷಯ. ಎರಡು ತಿಂಗಳಿಂದ ನನಗೆ ಟ್ಯೂಷನ್ ಕೋರ್ಸ್ ಮಾರುವವರ ಫೋನು ಜಾಸ್ತಿಯಾಗಿದೆ. "ಮೇಡಂ, ಮೂರನೇ ಕ್ಲಾಸ್ ಓದುತ್ತಿರುವ ನಿಮ್ಮ ಮಗಳಿಗೆ" ಅಂತ ಹೆಸರು ಹಿಡಿದೇ ಶುರು ಮಾಡುತ್ತಾರೆ. ಅವಳ ಕ್ಲಾಸು ಅವರಿಗೆ ಹೇಗೆ ಗೊತ್ತು?

ನಮ್ಮ ಮನೆಯವರು "ಡಿಲೀಟ್ ಮಾಡಿ ಸುಮ್ನಿರು" ಅನ್ನುತ್ತಾರೆ. ಡಿಲೀಟ್ ಮಾಡಿದರೆ ಮುಗಿಯಿತಾ? ದೂರು ಕೊಡಬಹುದಾ? ಪೊಲೀಸರಿಗಾ, ಬೇರೆ ಯಾರಿಗಾದರೂನಾ? ಇಂಥದ್ದರಲ್ಲಿ ನಮ್ಮಂಥವರ ಮಾತು ಯಾರಾದರೂ ಕೇಳುತ್ತಾರಾ?

—

ಎರಡು ಮಕ್ಕಳ ತಂದೆ, ಮೈಸೂರು:

ಅಕ್ಕಾ, ಮೊದಲು ಒಂದು ಮಾತು. ಆ್ಯಪ್ ಈಗಲೇ ಡಿಲೀಟ್ ಮಾಡಬೇಡಿ. ನಾನು ಹೋದ ವರ್ಷ ಸಿಟ್ಟಿನಲ್ಲಿ ಅದೇ ತಪ್ಪು ಮಾಡಿದೆ. ಫೋನಿನಿಂದ ಆ್ಯಪ್ ಹೋಗುತ್ತದೆ, ಅವರ ಸರ್ವರ್‌ನಲ್ಲಿ ಮಗುವಿನ ಖಾತೆ ಹಾಗೇ ಇರುತ್ತದೆ, ವಿಡಿಯೊಗಳೂ ಹಾಗೇ ಇರುತ್ತವೆ. ಆಮೇಲೆ ದೂರು ಕೊಡೋಣ ಅಂದರೆ ನನ್ನ ಹತ್ತಿರ ಒಂದು ಸ್ಕ್ರೀನ್‌ಶಾಟ್ ಕೂಡ ಇರಲಿಲ್ಲ, ಯಾವ ಯೂಸರ್ ಹೆಸರಿನಲ್ಲಿ ಖಾತೆ ಇತ್ತು ಅನ್ನುವುದೂ ನೆನಪಿರಲಿಲ್ಲ.

ಈಗ ಇವತ್ತೇ ಕೂತು ಎಲ್ಲ ಸ್ಕ್ರೀನ್‌ಶಾಟ್ ತೆಗೆಯಿರಿ. ಪ್ರೊಫೈಲ್ ಪುಟ, 14 ವಿಡಿಯೊ, ಅದರ ಲಿಂಕ್, ಆ ಕಾಮೆಂಟು, ಕಾಮೆಂಟ್ ಹಾಕಿದವನ ಹೆಸರು, ದಿನಾಂಕ ಮತ್ತು ಟೈಮು ಕಾಣುವ ಹಾಗೆ. ಆ 7×4 ಕೇಳುವ ಪರದೆಯನ್ನೂ ಬಿಡಬೇಡಿ, ಅದೇ ನಿಮ್ಮ ಗಟ್ಟಿ ಸಾಕ್ಷಿ. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟಕ್ಕೆ ಹೋದರೆ "ಡೇಟಾ ಸುರಕ್ಷತೆ" ಅನ್ನುವ ಭಾಗ ಇದೆ, ಏನೇನು ಸಂಗ್ರಹಿಸುತ್ತೇವೆ, ಬೇರೆಯವರಿಗೆ ಕೊಡುತ್ತೇವಾ ಅಂತ ಕಂಪನಿಯೇ ಅಲ್ಲಿ ಬರೆದಿರುತ್ತದೆ. ಅದನ್ನೂ ತೆಗೆದಿಡಿ. ಎಷ್ಟೋ ಸಲ ಅಲ್ಲಿ "ಯಾರಿಗೂ ಕೊಡುವುದಿಲ್ಲ" ಅಂತ ಇರುತ್ತದೆ, ಆದರೆ ಪ್ರೈವಸಿ ಪಾಲಿಸಿಯ ಕೆಳಗಡೆ "ನಮ್ಮ ಪಾಲುದಾರರಿಗೆ" ಅಂತ ಒಂದು ಸಾಲು ಇರುತ್ತದೆ. ಎರಡೂ ಪಕ್ಕಪಕ್ಕ ಇಟ್ಟರೆ ದೂರು ಅರ್ಧ ಬರೆದ ಹಾಗೆ.

ಅದಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಕೊಟ್ಟ ಕ್ಯಾಮೆರಾ, ಮೈಕ್, ಲೊಕೇಶನ್ ಎಲ್ಲ ಅನುಮತಿ ವಾಪಸ್ ತೆಗೆದುಕೊಳ್ಳಿ. ಪ್ರೊಫೈಲ್ ಪ್ರೈವೇಟ್ ಮಾಡುವ ದಾರಿ ಇದ್ದರೆ ಮಾಡಿ. ಯುಪಿಐ ಆ್ಯಪ್‌ಗೆ ಹೋಗಿ ಆಟೋಪೇ ನಿಲ್ಲಿಸಿ, ಆದರೆ ಕಟ್ಟಿದ ದುಡ್ಡಿನ ರಸೀದಿ ಇಟ್ಟುಕೊಳ್ಳಿ, ಅದು ಯಾಕೆ ಬೇಕು ಅಂತ ಕಾನೂನು ತಿಳಿದವರು ಹೇಳುತ್ತಾರೆ. ಆಂಡ್ರಾಯ್ಡ್ ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಂತ ಇರುವ ಕಡೆ ಜಾಹೀರಾತು ಐಡಿ, ಅಂದರೆ ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸುವ ನಂಬರ್, ಅಳಿಸುವ ಬಟನ್ ಇದೆ, ಅದನ್ನೂ ಒತ್ತಿ.

ಒಂದು ಕಡೆ ಬೇಗ ಕೆಲಸ ಆಗಬಹುದು. ಪ್ಲೇ ಸ್ಟೋರ್‌ಗೇ ದೂರು ಕೊಡಿ. ಬರೀ ಮಕ್ಕಳಿಗೆ ಅಂತ ಮಾಡಿದ ಆ್ಯಪ್‌ಗಳು ಲೊಕೇಶನ್ ಅನುಮತಿ ಕೇಳಲೇಬಾರದು, ಜಾಹೀರಾತು ಐಡಿ ಕಳಿಸಬಾರದು ಅಂತ ಗೂಗಲ್‌ನ ನಿಯಮವೇ ಇದೆ. ನಿಮ್ಮ ಆ್ಯಪ್ ಲೊಕೇಶನ್ ಕೇಳಿದೆ. ಸ್ಟೋರ್‌ನಿಂದ ಆ್ಯಪ್ ತೆಗೆದುಬಿಡುತ್ತಾರೆ ಅನ್ನುವ ಭಯ ಕಂಪನಿಗಳಿಗೆ ತುಂಬಾ ಇದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

—

ಹುಬ್ಬಳ್ಳಿ ವಕೀಲ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ಸಾಕ್ಷಿ ಮೊದಲು. ನಾನು ಕಾನೂನಿನ ಭಾಗ ಹೇಳುತ್ತೇನೆ. ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ತಾಯಿ, "ನಮ್ಮಂಥವರ ಮಾತು ಕೇಳುತ್ತಾರಾ" ಅಂದಿರಲ್ಲ, ಅದಕ್ಕೆ ಮೊದಲು ಉತ್ತರ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿಚಾರವಾಗಿ ಅವರು ಕೋರ್ಟಿಗೆ ಹೋಗಿದ್ದರು. ಇವತ್ತು ದೇಶದ ಯಾವ ಮೂಲೆಯಲ್ಲಿ ಖಾಸಗಿತನದ ಮಾತು ಬಂದರೂ ಅವರ ಹೆಸರು ಹೇಳದೆ ವಾದ ಮುಂದೆ ಹೋಗುವುದಿಲ್ಲ.

ಆ ತೀರ್ಪಿನ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಡಿಪಿಡಿಪಿ ಅನ್ನುತ್ತಾರೆ. ಇದರಲ್ಲಿ 18 ತುಂಬದವರೆಲ್ಲ ಮಕ್ಕಳೇ. 9ನೇ ಸೆಕ್ಷನ್ ಪೂರ್ತಿ ಮಕ್ಕಳ ಬಗ್ಗೆ ಇದೆ. ಮಗುವಿನ ಮಾಹಿತಿ ತೆಗೆದುಕೊಳ್ಳುವ ಮುಂಚೆ ತಂದೆಯದೋ ತಾಯಿಯದೋ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಿ ನೋಡುವಂತಿರಬೇಕು. ಮಗು ಏನು ನೋಡುತ್ತದೆ, ಎಷ್ಟು ಹೊತ್ತು ನೋಡುತ್ತದೆ ಅಂತ ಹಿಂಬಾಲಿಸುವ ಹಾಗಿಲ್ಲ, ಅದರ ಮೇಲೆ ಮಗುವಿಗೆ ಗುರಿಯಿಟ್ಟ ಜಾಹೀರಾತು ತೋರಿಸುವ ಹಾಗಿಲ್ಲ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ಮಗ್ಗಿ ಕೇಳುವ ಬಾಗಿಲು ಯಾವ ಲೆಕ್ಕದಲ್ಲೂ ಪರಿಶೀಲಿಸಿದ ಒಪ್ಪಿಗೆ ಆಗುವುದಿಲ್ಲ. ನಿಯಮಗಳ ಪ್ರಕಾರ ಒಪ್ಪಿಗೆ ಕೊಡುತ್ತಿರುವವರು ನಿಜವಾಗಿ ವಯಸ್ಕರು ಅಂತ ಗುರುತು ಮತ್ತು ವಯಸ್ಸಿನ ದಾಖಲೆಯಿಂದ ಖಚಿತ ಮಾಡಿಕೊಳ್ಳಬೇಕು, ಸರ್ಕಾರದ ದಾಖಲೆ ಇಡುವ ಆ್ಯಪ್ ಡಿಜಿಲಾಕರ್ ಮೂಲಕವೂ ಮಾಡಬಹುದು.

ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಅವಕಾಶ ಕೊಡಬೇಕು ಅಂತಲೂ ಈ ಕಾಯ್ದೆಯಲ್ಲಿದೆ. ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು. ನಮ್ಮ ಜಿಲ್ಲೆಗಳ ಎಷ್ಟೋ ತಾಯಂದಿರು ಇಂಗ್ಲಿಷಿನ ಹತ್ತು ಪುಟ ಓದಲಾಗದೆ ಒಪ್ಪಿಗೆ ಒತ್ತುತ್ತಾರೆ. ಅದನ್ನು ಅವರ ತಪ್ಪು ಅಂತ ನಾನು ಒಪ್ಪುವುದಿಲ್ಲ.

ಈಗ ತೊಡಕಿನ ಮಾತು. ಕಾಯ್ದೆ 2023ರಲ್ಲಿ ಬಂದರೂ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಈ ಕಾಯ್ದೆಯ ದೂರು ವಿಚಾರಿಸಿ ದಂಡ ಹಾಕುವ ದತ್ತಾಂಶ ಸಂರಕ್ಷಣಾ ಮಂಡಳಿಯ ಭಾಗ ಆಗಲೇ ಜಾರಿಯಾಯಿತು, ಆದರೆ ಮಕ್ಕಳ ಒಪ್ಪಿಗೆ, ಅಳಿಸುವ ಹಕ್ಕು, ದೂರಿನ ಹಕ್ಕು ಇವಕ್ಕೆಲ್ಲ ಕಂಪನಿಗಳಿಗೆ 18 ತಿಂಗಳು ಸಮಯ ಕೊಟ್ಟಿದ್ದಾರೆ. ಅಂದರೆ 2027ರ ಮೇ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾ? ಬೇಡ. ಇವತ್ತಿಗೇ ನಡೆಯುವ ದಾರಿಗಳಿವೆ.

ಮೊದಲನೆಯದು ಆ್ಯಪ್‌ನ ದೂರು ಅಧಿಕಾರಿ. ಜನ ವಿಡಿಯೊ ಹಾಕುವಂಥ ಪ್ರತಿ ಆ್ಯಪ್‌ಗೂ 2021ರ ಐಟಿ ನಿಯಮಗಳ ಪ್ರಕಾರ ಒಬ್ಬ ದೂರು ಅಧಿಕಾರಿ ಇರಲೇಬೇಕು, ಹೆಸರು ಮತ್ತು ಇಮೇಲ್ ಆ್ಯಪ್‌ನಲ್ಲೋ ವೆಬ್‌ಸೈಟ್‌ನಲ್ಲೋ ಹಾಕಿರಬೇಕು. ಬಹಳ ಕಡೆ ಪಾಲಿಸಿಯ ತೀರಾ ಕೊನೆಯಲ್ಲಿ ಇರುತ್ತದೆ, ಹುಡುಕಿ. ದೂರು ಬಂತು ಅಂತ 24 ಗಂಟೆಯಲ್ಲಿ ತಿಳಿಸಬೇಕು. ಇತ್ಯರ್ಥಕ್ಕೆ ಮೊದಲು 15 ದಿನ ಕೊಟ್ಟಿದ್ದರು, ಆಮೇಲಿನ ತಿದ್ದುಪಡಿಯಲ್ಲಿ ಆ ಅವಧಿಯನ್ನು ಇನ್ನೂ ಕಡಿಮೆ ಮಾಡಿದ್ದಾರೆ. ಅವರ ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ದೂರು ಮೇಲ್ಮನವಿ ಸಮಿತಿಗೆ ಹೋಗಬಹುದು. ಜಿಎಸಿ ಅನ್ನುತ್ತಾರೆ, 2023ರಲ್ಲಿ ಶುರುವಾಯಿತು. ಎಲ್ಲ ಆನ್‌ಲೈನ್, ದೆಹಲಿಗೆ ಹೋಗುವುದು ಬೇಡ, ವಕೀಲರೂ ಬೇಡ. ನಾನೇ ವಕೀಲನಾಗಿ ಹೇಳುತ್ತಿದ್ದೇನೆ.

ಎರಡನೆಯದು ಗ್ರಾಹಕರ ಆಯೋಗ. ನೀವು ತಿಂಗಳಿಗೆ 99 ರೂಪಾಯಿ ಕಟ್ಟಿದ್ದೀರಿ, ಆದ್ದರಿಂದ ನೀವು ಗ್ರಾಹಕರು. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದಾಖಲಿಸಿ. ಬಗೆಹರಿಯದಿದ್ದರೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ಕಟ್ಟಿದ ಮೊತ್ತ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಗ್ರಾಹಕರ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಇಲ್ಲಿ ಒಂದು ಲಾಭವಿದೆ. ಡಿಪಿಡಿಪಿಯಲ್ಲಿ ಮಂಡಳಿ ಹಾಕುವ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ನೊಂದವರಿಗೆ ಪರಿಹಾರ ಅಂತ ಒಂದು ಪೈಸೆ ಇಲ್ಲ. ಇದು ಆ ಕಾಯ್ದೆಯ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ. ಗ್ರಾಹಕರ ಆಯೋಗ ಪರಿಹಾರ ಕೊಡಿಸಬಲ್ಲದು.

ಮೂರನೆಯದು ಆ ಕಾಮೆಂಟ್ ಹಾಕಿದವನು. ಅವನ ವಿಷಯ ಬೇರೆ, ಡೇಟಾ ದೂರಿನ ಜೊತೆ ಸೇರಿಸಬೇಡಿ. ಅವನು ಮತ್ತೆ ಮಾತಾಡಿಸಿದ್ದಾನಾ, ಖಾಸಗಿ ಮೆಸೇಜ್ ಕಳಿಸಿದ್ದಾನಾ, ಫೋಟೊ ಕೇಳಿದ್ದಾನಾ ನೋಡಿ. ಹಾಗೇನಾದರೂ ಇದ್ದರೆ ಒಂದು ದಿನವೂ ಕಾಯಬೇಡಿ. ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಗೆ, ಸೆನ್ ಠಾಣೆ ಅನ್ನುತ್ತಾರಲ್ಲ, ಅಲ್ಲಿಗೆ ಹೋಗಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಅಂತ ಬೇರೆ ವಿಭಾಗವೇ ಇದೆ. ಮಕ್ಕಳ ಸಹಾಯವಾಣಿ 1098, ಯಾವ ಹೊತ್ತಿನಲ್ಲೂ ಎತ್ತುತ್ತಾರೆ.

—

ಪುಟ್ಟಿಯ ಅಮ್ಮ, ತುಮಕೂರು:

ಇಬ್ಬರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಕೂತು ಎಲ್ಲ ಸ್ಕ್ರೀನ್‌ಶಾಟ್ ತೆಗೆದೆ, 41 ಆಯಿತು. ಆ ಮನುಷ್ಯ ಮತ್ತೆ ಮಾತಾಡಿಸಿಲ್ಲ, ಮೆಸೇಜ್ ಏನೂ ಇಲ್ಲ. ಸ್ವಲ್ಪ ಉಸಿರು ಬಂತು.

ವಕೀಲರೇ, ಒಂದು ಅನುಮಾನ. ಖಾತೆ ಮಗಳ ಹೆಸರಿನಲ್ಲಿದೆ. ದೂರು ನಾನು ಕೊಟ್ಟರೆ ನಡೆಯುತ್ತದಾ? ಮತ್ತೆ ಒಪ್ಪಿಗೆ ಒತ್ತಿದ್ದು ನಾನೇ ಅಲ್ವಾ, "ನೀವೇ ಒಪ್ಪಿದ್ದೀರಿ" ಅಂದುಬಿಟ್ಟರೆ?

—

ಹುಬ್ಬಳ್ಳಿ ವಕೀಲ:

ನಡೆಯುತ್ತದೆ. ಡಿಪಿಡಿಪಿಯ ವ್ಯಾಖ್ಯೆಯಲ್ಲೇ, ಮಾಹಿತಿ ಮಗುವಿನದಾದರೆ ಅದರ ಹಕ್ಕುದಾರರಲ್ಲಿ ತಂದೆ ತಾಯಿಯೂ ಸೇರುತ್ತಾರೆ ಅಂತ ಬರೆದಿದೆ. ಇನ್ನು ಒಪ್ಪಿಗೆಯ ಮಾತು. ಕಥೆ ನೋಡಲು ಕೊಟ್ಟ ಒಪ್ಪಿಗೆ ಟ್ಯೂಷನ್ ಮಾರುವವರಿಗೆ ಹೆಸರು ಕೊಡಲು ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಒಪ್ಪಿಗೆ ಯಾವ ಕೆಲಸಕ್ಕೋ ಆ ಕೆಲಸಕ್ಕೆ ಮಾತ್ರ, ಅದಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ. ಕೊಟ್ಟ ಒಪ್ಪಿಗೆ ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳುವ ಹಾಗಿರಬೇಕು ಅಂತಲೂ ಕಾಯ್ದೆ ಹೇಳುತ್ತದೆ.

ಪತ್ರ ಹೀಗೆ ಶುರು ಮಾಡಿ. "ಈ ಯೂಸರ್ ಹೆಸರಿನ ಖಾತೆ ನನ್ನ ಎಂಟು ವರ್ಷದ ಮಗಳದು. ನಾನು ಅವಳ ತಾಯಿ. ಈ ಖಾತೆಗೆ ಸಂಬಂಧಿಸಿ ಕೊಟ್ಟ ಎಲ್ಲ ಒಪ್ಪಿಗೆಯನ್ನು ಇವತ್ತಿನಿಂದ ವಾಪಸ್ ತೆಗೆದುಕೊಂಡಿದ್ದೇನೆ. ನನ್ನ ಮಗಳ ಯಾವ ಯಾವ ಮಾಹಿತಿ ನಿಮ್ಮ ಹತ್ತಿರ ಇದೆ, ಅದನ್ನು ಯಾರಿಗೆಲ್ಲ ಕೊಟ್ಟಿದ್ದೀರಿ ಎಂದು ಬರಹದಲ್ಲಿ ತಿಳಿಸಿ. ಆಮೇಲೆ ವಿಡಿಯೊ, ಕಾಮೆಂಟು, ಖಾತೆ ಎಲ್ಲವನ್ನೂ ಪೂರ್ತಿ ಅಳಿಸಿ, ಅಳಿಸಿದ್ದೇವೆ ಎಂದು ಖಚಿತಪಡಿಸಿ." ಅಷ್ಟೇ. ಬೈಯಬೇಡಿ, ಕಥೆ ಹೇಳಬೇಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಮೊದಲು ತಿಳಿಸಿ ಆಮೇಲೆ ಅಳಿಸಿ ಅನ್ನುವ ಆ ಕ್ರಮ ಮುಖ್ಯ. ಮೊದಲೇ ಅಳಿಸಿ ಅಂದರೆ, ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳಿದಾಗ ದಾಖಲೆಯೇ ಇಲ್ಲ ಅಂದುಬಿಡುತ್ತಾರೆ. ವಿಡಿಯೊಗಳನ್ನು ಮಾತ್ರ ಈ ಕ್ಷಣವೇ ಸಾರ್ವಜನಿಕರಿಗೆ ಕಾಣದ ಹಾಗೆ ಮಾಡಿ ಎಂದು ಬೇರೆ ಸಾಲಿನಲ್ಲಿ ಬರೆಯಿರಿ. ಫೋನಿನಲ್ಲಿ ಮಾತಾಡಿ ಬಿಡಬೇಡಿ, ಇಮೇಲ್‌ನಲ್ಲೇ ಇರಲಿ.

—

ದೊಡ್ಡಪ್ಪ, ಶಿವಮೊಗ್ಗ:

ಬೇಸರ ಮಾಡಿಕೊಳ್ಳಬೇಡಮ್ಮ, ನನಗೆ ಅನ್ನಿಸಿದ್ದು ಹೇಳುತ್ತೇನೆ. ಇಷ್ಟೆಲ್ಲ ಓಡಾಟ ಬೇಕಾ? ಮಗುವಿನ ಕೈಗೆ ಫೋನ್ ಕೊಡದಿದ್ದರೆ ಮುಗಿಯಿತಲ್ಲ. ನಮ್ಮ ಕಾಲದಲ್ಲಿ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ಕಂಪನಿಯವರ ಜೊತೆ ಜಗಳಕ್ಕೆ ನಿಲ್ಲುವ ಬದಲು ಮನೆಯಲ್ಲಿ ಗಟ್ಟಿ ಮಾಡುವುದು ಒಳ್ಳೆಯದು ಅಂತ ನನ್ನ ಮಾತು.

—

ಎಡಿಸನ್ ಕನ್ನಡತಿ, ನ್ಯೂಜೆರ್ಸಿ:

ದೊಡ್ಡಪ್ಪ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಫೋನ್ ಕಡಿಮೆ ಮಾಡುವುದು ಸರಿ. ಆದರೆ ಹೊರಗೆ ಹೋಗಿಬಿಟ್ಟ ಮಾಹಿತಿ ಅದರಿಂದ ವಾಪಸ್ ಬರುವುದಿಲ್ಲ. ಮತ್ತೆ ಕೊರೊನಾ ಸಮಯದಲ್ಲಿ ಶಾಲೆಗಳೇ ಮಕ್ಕಳ ಕೈಗೆ ಫೋನ್ ಕೊಡಿಸಿದವು, ಅದು ಅಪ್ಪ ಅಮ್ಮಂದಿರ ಇಷ್ಟದಿಂದ ಆದದ್ದಲ್ಲ.

ದೂರು ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿನ ಉದಾಹರಣೆ ಹೇಳುತ್ತೇನೆ. ಅಮೆರಿಕದಲ್ಲಿ 13 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಕೊಪ್ಪಾ ಅನ್ನುವ ಕಾನೂನು 1998ರಿಂದ ಇದೆ. ಎಷ್ಟೋ ವರ್ಷ ಯೂಟ್ಯೂಬ್ "ನಮ್ಮದು ದೊಡ್ಡವರ ತಾಣ, 13 ಆಗದವರಿಗೆ ಖಾತೆಯೇ ಇಲ್ಲ" ಅನ್ನುತ್ತಿತ್ತು. ಆದರೆ ಗೊಂಬೆ ಕಂಪನಿಗಳ ಹತ್ತಿರ ಜಾಹೀರಾತು ಮಾರುವಾಗ ಮಕ್ಕಳು ನಮ್ಮಲ್ಲೇ ಜಾಸ್ತಿ ನೋಡುತ್ತಾರೆ ಅಂತ ಹೇಳಿಕೊಳ್ಳುತ್ತಿತ್ತು. 2018ರಲ್ಲಿ ಮಕ್ಕಳ ಪರವಾಗಿ ಕೆಲಸ ಮಾಡುವ 20ಕ್ಕೂ ಹೆಚ್ಚು ಸಂಘಟನೆಗಳು ಸೇರಿ ಎಫ್‌ಟಿಸಿಗೆ, ಅಂದರೆ ಇಲ್ಲಿನ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್‌ಗೆ, ದೂರು ಕೊಟ್ಟವು. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ 17 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅದರಲ್ಲಿ 3.4 ಕೋಟಿ ನ್ಯೂಯಾರ್ಕ್ ರಾಜ್ಯಕ್ಕೆ, ಉಳಿದದ್ದು ಎಫ್‌ಟಿಸಿಗೆ.

ಆ ದಂಡ ಗೂಗಲ್‌ಗೆ ದೊಡ್ಡದಲ್ಲ ಅಂತ ಆಗ ಎಲ್ಲರೂ ಬೈದರು, ನಾನೂ ಬೈದೆ. ಆದರೆ ಅದರಿಂದ ಆದ ಬದಲಾವಣೆ ತುಮಕೂರಿನಲ್ಲೂ ಕಾಣುತ್ತದೆ. 2020ರ ಜನವರಿಯಿಂದ ವಿಡಿಯೊ ಹಾಕುವವರು ಇದು ಮಕ್ಕಳಿಗಾಗಿ ಮಾಡಿದ್ದಾ ಅಲ್ಲವಾ ಅಂತ ಹೇಳಲೇಬೇಕು. ಮಕ್ಕಳ ವಿಡಿಯೊ ಅಂದರೆ ಕಾಮೆಂಟ್ ಬಂದ್, ಗುರಿಯಿಟ್ಟ ಜಾಹೀರಾತು ಬಂದ್. ಕನ್ನಡದ ಶಿಶುಗೀತೆಯ ವಿಡಿಯೊ ಕೆಳಗೆ ಕಾಮೆಂಟ್ ಇರುವುದಿಲ್ಲ ಅಲ್ವಾ? ಅದಕ್ಕೆ ಕಾರಣ ಆ ದೂರು. ಅದೇ 2019ರ ಫೆಬ್ರವರಿಯಲ್ಲಿ ಟಿಕ್‌ಟಾಕ್ 57 ಲಕ್ಷ ಡಾಲರ್ ಕಟ್ಟಿತು, ಮ್ಯೂಸಿಕಲಿ ಅನ್ನುವ ಹೆಸರಿದ್ದಾಗ ಮಾಡಿದ ತಪ್ಪಿಗೆ. ಆ ಕೇಸಿನಲ್ಲಿ ನಿಮ್ಮ ಕಥೆಯೇ ಇತ್ತು. ಮಕ್ಕಳ ಪ್ರೊಫೈಲ್ ತಾನಾಗೇ ಎಲ್ಲರಿಗೂ ಕಾಣುತ್ತಿತ್ತು, ಗೊತ್ತಿಲ್ಲದ ದೊಡ್ಡವರು ಮಕ್ಕಳಿಗೆ ಮೆಸೇಜ್ ಮಾಡುತ್ತಿದ್ದರು, ಅಪ್ಪ ಅಮ್ಮಂದಿರು ಸಾವಿರಾರು ದೂರು ಕಳಿಸಿದ್ದರು. ಯುರೋಪಿನಲ್ಲಿ ಐರ್ಲೆಂಡಿನ ಡೇಟಾ ಆಯೋಗ 2023ರಲ್ಲಿ ಅದೇ ಟಿಕ್‌ಟಾಕ್‌ಗೆ 34.5 ಕೋಟಿ ಯೂರೋ ಹಾಕಿತು, ಮಕ್ಕಳ ಖಾತೆ ಶುರುವಿನಿಂದಲೇ ಸಾರ್ವಜನಿಕವಾಗಿ ಇಟ್ಟಿದ್ದೂ ಅದಕ್ಕೆ ಒಂದು ಕಾರಣ.

ಆ ದೂರುಗಳಲ್ಲಿ ಒಂದೊಂದೂ ಯಾರೋ ಒಬ್ಬ ತಾಯಿ ರಾತ್ರಿ ಕೂತು ಬರೆದದ್ದೇ.

—

ಕನ್ನಡ ಶಾಲೆ ಟೀಚರ್, ಹಾವೇರಿ:

ಇದನ್ನೆಲ್ಲ ಓದಿ ನನಗೆ ನಮ್ಮ ಕಡೆಯ ತಪ್ಪು ನೆನಪಾಯಿತು. ಜನವರಿ 26ಕ್ಕೆ ಮಕ್ಕಳ ಡ್ಯಾನ್ಸ್ ಆದರೆ ಸಾಕು, ಅದು ವಾಟ್ಸಾಪ್ ಸ್ಟೇಟಸ್, ಯೂಟ್ಯೂಬ್, ರೀಲ್ಸ್ ಎಲ್ಲ ಕಡೆ ಹೋಗುತ್ತದೆ. ಮಗುವಿನ ಹೆಸರು, ತರಗತಿ, ಊರು ಕೆಳಗೆ ಬರೆದಿರುತ್ತದೆ. ಹೆತ್ತವರನ್ನು ಕೇಳುವ ರೂಢಿಯೇ ಇಲ್ಲ. ನಾನೂ ಹಾಕಿದ್ದೇನೆ. ಪ್ರೀತಿಯಿಂದಲೇ ಹಾಕಿದ್ದು, ಆದರೂ ಕೇಳಬೇಕಿತ್ತು. ಈ ವರ್ಷದಿಂದ ನಮ್ಮ ಶಾಲೆಯಲ್ಲಿ ಒಂದು ಹಾಳೆ ಮಾಡಿದ್ದೇವೆ, ವಿಡಿಯೊ ಹಾಕಬಹುದಾ ಬೇಡವಾ ಅಂತ ಕನ್ನಡದಲ್ಲಿ ಎರಡೇ ಸಾಲು, ಹೆತ್ತವರ ಸಹಿ ಅಥವಾ ಹೆಬ್ಬೆಟ್ಟು. ನಾಲ್ಕು ಮನೆಯವರು ಬೇಡ ಅಂದರು. ಆ ಮಕ್ಕಳು ವೇದಿಕೆ ಮೇಲೆ ಎಲ್ಲರ ಜೊತೆ ಕುಣಿದರು, ಕ್ಯಾಮೆರಾದವರಿಗೆ ಮಾತ್ರ ಮೊದಲೇ ಹೇಳಿಟ್ಟಿದ್ದೆವು.

ನನ್ನದೂ ಒಂದು ಪ್ರಶ್ನೆ. ನಮ್ಮ ಅಕ್ಕನ ಮಗ ಹೋಗುತ್ತಿದ್ದ ಡ್ಯಾನ್ಸ್ ಕ್ಲಾಸಿನವರು ಅವನ ವಿಡಿಯೊವನ್ನು ಯೂಟ್ಯೂಬ್‌ನಲ್ಲಿ ಜಾಹೀರಾತಿನ ಹಾಗೆ ಹಾಕಿದ್ದಾರೆ. ಕ್ಲಾಸು ಬಿಟ್ಟು ವರ್ಷ ಆಯಿತು. ತೆಗೆಯಿರಿ ಅಂದರೆ "ನೋಡೋಣ" ಅನ್ನುತ್ತಾರೆ.

—

ಎರಡು ಮಕ್ಕಳ ತಂದೆ, ಮೈಸೂರು:

ಟೀಚರ್, ಯೂಟ್ಯೂಬ್‌ನಲ್ಲಿ ಖಾಸಗಿತನದ ದೂರಿಗೆ ಬೇರೆಯದೇ ಫಾರ್ಮ್ ಇದೆ, ವಿಡಿಯೊ ಕೆಳಗಿನ ಮಾಮೂಲಿ ರಿಪೋರ್ಟ್ ಬಟನ್ ಅಲ್ಲ. ಸಹಾಯ ಪುಟದಲ್ಲಿ "ಪ್ರೈವಸಿ ಕಂಪ್ಲೇಂಟ್" ಅಂತ ಹುಡುಕಿ. ಸಾಮಾನ್ಯವಾಗಿ ವಿಡಿಯೊದಲ್ಲಿ ಇರುವವರೇ ದೂರು ಕೊಡಬೇಕು, ಆದರೆ ಮಗುವಾದರೆ ತಂದೆ ತಾಯಿ ಕೊಡಬಹುದು. ಅಂದರೆ ನೀವಲ್ಲ, ನಿಮ್ಮ ಅಕ್ಕ ಕೊಡಬೇಕು. ಯಾವ ನಿಮಿಷ ಯಾವ ಸೆಕೆಂಡಿನಲ್ಲಿ ಹುಡುಗ ಕಾಣುತ್ತಾನೆ, ಯಾವ ಬಣ್ಣದ ಬಟ್ಟೆ ಅಂತ ಬರೆಯಬೇಕು. ದೂರು ಸರಿ ಕಂಡರೆ ವಿಡಿಯೊ ಹಾಕಿದವರಿಗೆ ತೆಗೆಯಲು ಅಥವಾ ಮುಖ ಮಸುಕು ಮಾಡಲು 48 ಗಂಟೆ ಸಮಯ ಕೊಡುತ್ತಾರೆ, ಆಮೇಲೆ ಯೂಟ್ಯೂಬ್‌ನವರೇ ನೋಡುತ್ತಾರೆ.

ಅಕ್ಕಾ, ಟ್ಯೂಷನ್ ಫೋನ್‌ಗಳ ಬಗ್ಗೆ, ಬೇಡದ ಮಾರಾಟ ಕರೆಗಳ ದೂರಿಗೆ ಇರುವ 1909ಕ್ಕೆ ದೂರು ಕೊಡಿ, ಕರೆ ಬಂದ 7 ದಿನದೊಳಗೆ. ಮುಂದಿನ ಸಲ ಫೋನ್ ಬಂದರೆ ಕೂಡಲೇ ಕಟ್ ಮಾಡಬೇಡಿ, "ನನ್ನ ನಂಬರ್ ಎಲ್ಲಿ ಸಿಕ್ಕಿತು?" ಅಂತ ಸಮಾಧಾನವಾಗಿ ಕೇಳಿ. ಕೆಲವರು ಹೇಳಿಬಿಡುತ್ತಾರೆ.

—

ಪುಟ್ಟಿಯ ಅಮ್ಮ, ತುಮಕೂರು:

ಮೂರು ವಾರ ಆಯಿತು, ಏನಾಯಿತು ಅಂತ ಬರೆಯುತ್ತೇನೆ ಅಂದುಕೊಂಡಿದ್ದೆ.

ವಕೀಲರು ಹೇಳಿದ ಹಾಗೇ ಇಮೇಲ್ ಬರೆದೆ, ಕನ್ನಡದಲ್ಲೇ. ಮಾರನೇ ದಿನ ದೂರಿನ ನಂಬರ್ ಬಂತು. ಮೂರನೇ ದಿನ 14 ವಿಡಿಯೊನೂ ಕಾಣದಾದವು. ಬೇರೆ ಫೋನಿನಿಂದಲೂ ಹುಡುಕಿ ನೋಡಿದೆ, ಇಲ್ಲ. ಆದರೆ ಯಾರಿಗೆ ಮಾಹಿತಿ ಕೊಟ್ಟಿದ್ದೀರಿ ಅನ್ನುವುದಕ್ಕೆ "ನಾವು ಗ್ರಾಹಕರ ಖಾಸಗಿತನಕ್ಕೆ ಬದ್ಧರಾಗಿದ್ದೇವೆ" ಅಂತ ಒಂದೇ ಸಾಲು ಇಂಗ್ಲಿಷ್‌ನಲ್ಲಿ ಬರೆದಿದ್ದಾರೆ. ಎರಡನೇ ಸಲ ಕೇಳಿದೆ, ಅದೇ ಸಾಲು ಮತ್ತೆ ಬಂತು.

ಹೋದ ಗುರುವಾರ ಒಂದು ಟ್ಯೂಷನ್ ಫೋನು ಬಂತು. ಮೈಸೂರಿನವರು ಹೇಳಿದ ಹಾಗೆ ಸಮಾಧಾನವಾಗಿ ಕೇಳಿದೆ. ಆ ಹುಡುಗಿ ಹೊಸಬಳಿರಬೇಕು, ಪಾಪ, "ಮೇಡಂ ನಮಗೆ ಲಿಸ್ಟ್ ಬರುತ್ತೆ" ಅಂದು ಆ ಆ್ಯಪ್‌ನ ಹೆಸರನ್ನೇ ಹೇಳಿದಳು. ಕರೆ ರೆಕಾರ್ಡ್ ಆಗಿದೆ. 1909ಕ್ಕೆ ಅವತ್ತೇ ಹಾಕಿದೆ.

ನಮ್ಮ ಮನೆಯವರು ಆ ರೆಕಾರ್ಡಿಂಗ್ ಕೇಳಿದರು. ಏನೂ ಮಾತಾಡಲಿಲ್ಲ. ಆಮೇಲೆ ಅವರೇ ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿ ಕೂತರು, ಮೇಲ್ಮನವಿಯ ಫಾರ್ಮ್ ಇಬ್ಬರೂ ಸೇರಿ ತುಂಬಿದೆವು, ರಾತ್ರಿ ಹನ್ನೊಂದೂವರೆ ಆಯಿತು. ನಾಳೆ 1915ಕ್ಕೂ ಫೋನ್ ಮಾಡುತ್ತೇನೆ, ರಸೀದಿಗಳು ತೆಗೆದಿಟ್ಟಿದ್ದೇನೆ.

ಮಗಳಿಗೆ ಬೈಯಲಿಲ್ಲ. ಯಾರು ಕೇಳಿದರೂ ಸ್ಕೂಲ್ ಹೆಸರು ಹೇಳಬಾರದು ಅಂದೆ. "ಅಜ್ಜಿ ಕೇಳಿದರೆ?" ಅಂದಳು. ಅಜ್ಜಿಗೆ ಗೊತ್ತಿದೆ ಬಾ ಅಂದೆ.

ವಕೀಲರೇ, ಮೇಲ್ಮನವಿಗೆ ಆ ರೆಕಾರ್ಡಿಂಗ್ ಸೇರಿಸಬಹುದಾ, ಇಲ್ಲ ಗ್ರಾಹಕರ ಆಯೋಗಕ್ಕೆ ಇಟ್ಟುಕೊಳ್ಳಲಾ?

—

ಹುಬ್ಬಳ್ಳಿ ವಕೀಲ:

ಎರಡಕ್ಕೂ ಕೊಡಿ ತಾಯಿ. ಅವಳು ಹೇಳಿದ ಮಾತನ್ನು ಇದ್ದ ಹಾಗೇ ಒಂದು ಹಾಳೆಯಲ್ಲಿ ಬರೆದು, ಕರೆ ಬಂದ ನಂಬರ್, ದಿನ, ಟೈಮು ಹಾಕಿ ರೆಕಾರ್ಡಿಂಗ್ ಜೊತೆ ಇಡಿ. ಮೂಲ ಫೈಲು ಆ ಫೋನಿನಲ್ಲೇ ಇರಲಿ, ಅಳಿಸಬೇಡಿ, ಫೋನನ್ನೂ ಸದ್ಯಕ್ಕೆ ಬದಲಾಯಿಸಬೇಡಿ. ಆಯೋಗದಲ್ಲಿ ದೂರು ಹಾಕುವ ದಿನ ಬಂದರೆ ಇಲ್ಲೇ ಬರೆಯಿರಿ, ಕರಡು ನಾನು ನೋಡಿಕೊಡುತ್ತೇನೆ. ಫೀಸು ಬೇಡ.